ಕಳಿಸದ ಸದ್ದು

ಕಿವಿ ಪರೀಕ್ಷೆ ಮಾಡುವವಳ ಕಿವಿಯ ಮೇಲೇ ಹೂ ಇಟ್ಟವನು ಅವನೊಬ್ಬನೇ. ಅದೂ ಸಾಲಾಗಿ ಮೂರು ಗುರುವಾರ. ಮುಡಿಗೆ ಇಟ್ಟಿದ್ದರೆ ಮಾತು ಬೇರೆಯಿತ್ತು.

ಮೊದಲ ಗುರುವಾರ ಅವನ ಫಾರಂ ನೋಡಿದೆ. ಉದ್ಯೋಗ ಎಂಬಲ್ಲಿ ‘ಬೇಸ್’ ಎಂದಷ್ಟೇ ಇತ್ತು. ಅವನ ಬಲಗೈಯ ಎರಡು ಬೆರಳ ತುದಿ ಗಟ್ಟಿಯಾಗಿ ಹೊಳೆಯುತ್ತಿದ್ದುದನ್ನು ಆಗಲೇ ಗಮನಿಸಿದ್ದೆ. ನಾಲ್ಕು ತಂತಿಯ ಬೇಸ್ ಗಿಟಾರ್ ಮೀಟುವ ಬೆರಳು ಎಂದು ಗೊತ್ತಿದ್ದೂ ಕೇಳಿದೆ.

“ಬೇಸ್ ಅಂದ್ರೆ? ಕಟ್ಟಡದ ಕೆಲಸಾನಾ? ಪಾಯ ಹಾಕೋದಾ?”

“ಹೆಚ್ಚುಕಮ್ಮಿ ಅದೇ ಮೇಡಂ,” ಎಂದ, ನಗದೆ. “ಮೇಲೆ ಮಹಡಿ ಕಟ್ಟೋರು ಬೇರೆ. ಹೊಗಳಿಸಿಕೊಳ್ಳೋರೂ ಅವರೇ.”

ನನಗೆ ನಗು ಬಂತು. ಅವನ ತುಟಿಯ ಎಡಗಡೆ ಮೂಲೆ ಮಾತ್ರ ಒಂದಿಷ್ಟು ಮೇಲೆದ್ದಿತು, ಬಲಗಡೆಯದು ಇನ್ನೂ ಅನುಮತಿಗೆ ಕಾಯುತ್ತಿರುವಂತೆ.

ನನ್ನ ಕೆಲಸದ ಜಾಗ ಕೋಣೆಯೊಳಗೊಂದು ಕೋಣೆ. ಒಳಕೋಣೆಗೆ ದಪ್ಪ ಬಾಗಿಲು, ನಡುವೆ ಗಾಜು. ಬಂದವರು ಒಳಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲೊಂದು ಬಟನ್ ಹಿಡಿದು ಕೂರುತ್ತಾರೆ. ನಾನು ಹೊರಗಿನಿಂದ ಯಂತ್ರದಲ್ಲಿ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಬಟನ್ ಒತ್ತಬೇಕು. ಆಗ ನನ್ನ ಕಡೆ ಒಂದು ಹಸಿರು ದೀಪ ಹತ್ತುತ್ತದೆ. ದಿನಕ್ಕೆ ಹದಿನಾಲ್ಕು ಜನರ ಕಿವಿ ನೋಡುತ್ತೇನೆ. ನನಗೆ ಕಿವಿಗೊಡುವವರು ಒಬ್ಬರೂ ಇಲ್ಲ. ಸಂಜೆ ಮನೆಗೆ ಹೋದರೆ ಮಾತಾಡುವುದು ಫ್ರಿಜ್ ಒಂದೇ. ಅದೂ ಬೇಸಿನ ತಗ್ಗು ದನಿಯಲ್ಲಿ.

ಅವನಿಗೆ ಬೇಕಾಗಿದ್ದದ್ದು ಒಂದು ಸರ್ಟಿಫಿಕೇಟ್. ಪ್ರಯಾಣಿಕರ ಹಡಗೊಂದರ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತ್ತು, ಎರಡು ವರ್ಷಕ್ಕೆ. ವಾರಕ್ಕೊಂದರಂತೆ ಮೂರು ಪರೀಕ್ಷೆ ಮಾಡಿಸಿ, ಮೂರರಲ್ಲೂ ಕಿವಿ ಸರಿಯಿದೆ ಎಂದು ನಾನು ಸಹಿ ಹಾಕಿದರೆ ಅವನು ಹಡಗು ಹತ್ತುತ್ತಾನೆ.

“ಇಲ್ಲಿ ಬ್ಯಾಂಡ್ ಇಲ್ವಾ?” ಎಂದು ಮೈಕಿನಲ್ಲಿ ಕೇಳಿದೆ.

“ಒಡೆದು ಮೂರು ವರ್ಷ ಆಯ್ತು. ಈಗ ರೂಮಲ್ಲಿ ಒಬ್ಬನೇ ನುಡಿಸ್ತೀನಿ. ಪಕ್ಕದ ಮನೆಯವರು ಗೋಡೆ ಬಡೀತಾರೆ.” ಕುರ್ಚಿಯ ಕೈ ಮೇಲೆ ಬಡಿದು ತೋರಿಸಿದ. “ಬಡೀಲಿ ಪರವಾಗಿಲ್ಲ. ತಾಳ ತಪ್ಪಿ ಬಡೀತಾರಲ್ಲ, ಅದೇ ಬೇಜಾರು.”

ಪರೀಕ್ಷೆ ಮುಗಿದ ಮೇಲೆ ಹೆಡ್‌ಫೋನ್ ತೆಗೆಯಲು ಹೇಳಬೇಕಿತ್ತು. ಹೇಳಲಿಲ್ಲ. “ಒಂದು ಪ್ರಶ್ನೆ. ರಾಕ್ ಸಂಗೀತದಲ್ಲಿ ಅತಿ ದೊಡ್ಡ ಬೇಸ್ ವಾದಕ ಯಾರು?” ಎಂದೆ.

ಗಾಜಿನಾಚೆ ಅವನ ತಲೆ ಥಟ್ಟನೆ ಎದ್ದಿತು. “ಇದೂ ಪರೀಕ್ಷೆಯಲ್ಲಿದೆಯಾ?”

“ಇದರಲ್ಲಿ ಫೇಲಾದ್ರೆ ಮಿಕ್ಕಿದ್ದು ಲೆಕ್ಕಕ್ಕೇ ಇಲ್ಲ.”

ಚಿಕ್ಕವಳಿದ್ದಾಗ ಈ ಜಗಳವನ್ನು ಅಣ್ಣನ ಜೊತೆ ಆಡುತ್ತಿದ್ದೆ. ಕ್ಯಾಸೆಟ್ಟುಗಳ ಮುಂದೆ ಚಾಪೆ ಹಾಕಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಈಗ ಅಣ್ಣ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. “ಆರಾಮಾ? ಸರಿ ಮತ್ತೆ” ಎನ್ನುತ್ತಾನೆ. ಆ ‘ಸರಿ ಮತ್ತೆ’ಯನ್ನು ನಾನು ಅವನ ಹಾಗೇ ಹೇಳಬಲ್ಲೆ. ಕೇಳುವವರಿಲ್ಲ.

“ಆಡೋಣ,” ಎಂದ ಅವನು. “ಆದ್ರೆ ಯಾರ ಹೆಸರೂ ಹೇಳಬಾರದು. ಹೆಸರು ಹೇಳಿದ ಕೂಡ್ಲೇ ಹೆಸರೇ ಗೆದ್ದುಬಿಡುತ್ತೆ. ಹೇಗೆ ನುಡಿಸ್ತಾರೆ ಅಂತ ಹೇಳಿ.”

ಅಣಕ ನನ್ನ ಹುಟ್ಟುಚಟ ಎಂದು ಪಾಪ ಅವನಿಗೇನು ಗೊತ್ತು! ಎದ್ದು ನಿಂತೆ. ಮುಖವನ್ನು ಕಲ್ಲು ಮಾಡಿ, ಮೈ ಅಲ್ಲಾಡಿಸದೆ, ಬೆರಳನ್ನಷ್ಟೇ ಗಾಳಿಯಲ್ಲಿ ಓಡಿಸಿದೆ. “ಧುರುಧುರು ಧುರುಧುರು...”

“ಕಂಬ!” ಎಂದು ಕೂಗಿದ. “ವೇದಿಕೆ ಮೇಲೆ ಕಂಬದ ಹಾಗೆ ನಿಲ್ತಿದ್ದೋನು! ಮೂರನೇ ಸ್ಥಾನ.”

“ಮೊದಲನೇದು!”

“ಮೂರು. ಮುಂದೆ?”

ತಲೆ ಓರೆ ಮಾಡಿ, ಎಡಗೈಯಲ್ಲಿ ಮೀಟುತ್ತಾ, ಹಾಡುತ್ತಾ, ಕಣ್ಣನ್ನು ಆಕಾಶಕ್ಕೆ ಎತ್ತಿದೆ. ಅವನು ‘ಎಡಗೈ ಮಹಾಶಯ’ ಎಂದು ಕೈಮುಗಿದ. ಆಮೇಲೆ “ಟಿಗಿಡಿಕ್ ಟಿಗಿಡಿಕ್” ಎನ್ನುತ್ತಾ ಕುದುರೆ ಓಡಿಸುವಂತೆ ನುಡಿಸುವವನನ್ನು ಮಾಡಲು ಹೋಗಿ, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟೆ. ಕುರ್ಚಿಗೆ ಚಕ್ರವಿತ್ತು. ಕುದುರೆ ಹೋಯಿತು, ಸವಾರಳು ನೆಲದ ಮೇಲುಳಿದಳು.

ಮೇಲೆದ್ದು ನೋಡಿದರೆ ಅವನು ಗಾಜಿಗೆ ಹಣೆ ಒತ್ತಿ ನಗುತ್ತಿದ್ದ. ಬಲಗಡೆಯ ತುಟಿಗೂ ಅನುಮತಿ ಸಿಕ್ಕಿತ್ತು.

ಅವನ ಅಪಾಯಿಂಟ್‌ಮೆಂಟ್ ಕಾರ್ಡಿನ ಹಿಂದೆ ಪಟ್ಟಿ ಬರೆಯಲಾರಂಭಿಸಿದೆವು. ಎರಡನೇ ಗುರುವಾರದ ಹೊತ್ತಿಗೆ ಒಂಬತ್ತು ಸ್ಥಾನ ತುಂಬಿ, ಮೊದಲನೆಯದಕ್ಕೆ ಮಾತ್ರ ಯುದ್ಧ ನಡೆಯುತ್ತಿತ್ತು.

“ನಾಲ್ಕು ತಂತಿಯವರೇ!” ಎಂದು ಹೊರಗಿನಿಂದ ಕೂಗು ಬಂತು. ನಮ್ಮ ರಿಸೆಪ್ಷನ್ ಅಕ್ಕನನ್ನು ಎಲ್ಲರೂ ಮೈಕಮ್ಮ ಎನ್ನುತ್ತಾರೆ. ಕಿವಿ ಮಂದದವರೊಡನೆ ಮಾತಾಡಿ ಮಾತಾಡಿ ಆಕೆ ಗುಟ್ಟನ್ನೂ ಘೋಷಣೆಯ ಹಾಗೇ ಹೇಳುತ್ತಾಳೆ. “ಹತ್ತು ನಿಮಿಷದ ಪರೀಕ್ಷೆಗೆ ಮುಕ್ಕಾಲು ಗಂಟೆ ಆಯ್ತು! ಮೇಡಂ ಇವತ್ತು ಹೊಸ ಡ್ರೆಸ್ ಹಾಕಿದಾರೆ, ನೋಡಿದ್ರಾ?”

ಹೊರಗೆ ಕೂತಿದ್ದ ಆರು ಜನರಲ್ಲಿ ಐವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಇದು ಆರಕ್ಕೆ ಆರೂ ಜನರಿಗೆ ಕೇಳಿಸಿತು.

ಅವನು ಡ್ರೆಸ್ ನೋಡಲಿಲ್ಲ. ಕಾರ್ಡನ್ನೇ ನೋಡುತ್ತಾ, ಕಿವಿ ಕೆಂಪಗಾಗಿಸಿಕೊಂಡು ಹೇಳಿದ. “ಮೊದಲನೇದಕ್ಕೆ ನನ್ನ ಓಟು ಒಬ್ಬನಿಗೇ. ಆ ಬ್ಯಾಂಡಿನ ಮಿಕ್ಕ ಮೂವರ ಪೋಸ್ಟರ್ ಎಲ್ಲರ ಗೋಡೆ ಮೇಲೂ ಇದೆ. ಇವನ ಮುಖ ಯಾರಿಗೂ ನೆನಪಿಲ್ಲ. ಆದ್ರೆ ಇವನನ್ನ ಹಾಡಿಂದ ತೆಗೆದುನೋಡಿ ಮೇಡಂ. ಮನೇನೇ ಕುಸಿಯುತ್ತೆ.”

“ಇರೋವಾಗ ಕಾಣದೋನು, ಹೋದ್ಮೇಲೆ ಗೊತ್ತಾಗೋನು ದೊಡ್ಡೋನಾ? ಇದೇನು ಸ್ಪರ್ಧೆನಾ, ಶ್ರದ್ಧಾಂಜಲಿನಾ?”

ಅವನು ನಗುತ್ತಾನೆಂದುಕೊಂಡೆ. “ನಿಮಗೆ ಯಾರೂ ಹೋಗಿಲ್ವಾ?” ಎಂದ ಮೆಲ್ಲಗೆ.

ಮಾತಿನ ಮಲ್ಲಿ ಎಂದು ಹೆಸರಾದವಳು ಕಾರ್ಡಿನ ಮೊದಲನೇ ಸ್ಥಾನವನ್ನು ಖಾಲಿ ಬಿಟ್ಟು, ಎರಡನೇ ಸಹಿ ಹಾಕಿದೆ.

ಮೂರನೇ ಗುರುವಾರ. ಇನ್ನೊಂದು ಸಹಿ, ಆಮೇಲೆ ಹಡಗು. ಪರೀಕ್ಷೆ ಶುರುವಾಯಿತು. ಎಡಗಿವಿಗೆ ತೀರಾ ತಗ್ಗಿನ ಸದ್ದು ಕಳಿಸುತ್ತಿದ್ದೆ, ದೀಪ ಹತ್ತುತ್ತಿತ್ತು. ನಡುವೆ ಒಂದು ಸೀನು ಬಂತು. ಸೀನುವ ಭರದಲ್ಲಿ ಸದ್ದು ಕಳಿಸುವುದನ್ನೇ ಬಿಟ್ಟೆ.

ದೀಪ ಹತ್ತಿತು.

ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಬೇಕೆಂತಲೇ ಕೈಕಟ್ಟಿ ಕೂತೆ. ಮತ್ತೆ ಹತ್ತಿತು. ಅವನು ಕಣ್ಣು ಮುಚ್ಚಿದ್ದ. ಅವನ ಹೆಬ್ಬೆರಳು ಯಾವ ಸದ್ದೂ ಇಲ್ಲದೆಯೇ ಏನನ್ನೋ ಎಣಿಸಿ, ನಾಲ್ಕಕ್ಕೆ ಸರಿಯಾಗಿ ಬಟನ್ ಒತ್ತುತ್ತಿತ್ತು. ಒಂದು, ಎರಡು, ಮೂರು, ಹಸಿರು.

ಬಾಗಿಲು ತೆರೆದೆ. “ನಾನು ಏನೂ ಕಳಿಸ್ತಿಲ್ಲ.”

ಅವನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. ಬಹಳ ಹೊತ್ತು ಅದರ ವೈರನ್ನು ನೇವರಿಸಿದ.

“ನಿಮ್ಮ ಕೈಗೆ ತಾಳ ಇದೆ ಮೇಡಂ. ನಾಲ್ಕು ಎಣಿಕೆಗೊಂದು ಸದ್ದು. ನಿಮಗೇ ಗೊತ್ತಿಲ್ಲ. ಇನ್ನೊಬ್ಬರ ತಾಳ ಹಿಡಿದು, ಅವರಿಗೆ ಗೊತ್ತಾಗದ ಹಾಗೆ ಜೊತೆಗಿರೋದೇ ಅಲ್ವಾ ನನ್ನ ಕೆಲಸ.”

“ಎಡಗಿವಿ ಎಷ್ಟು ದಿನದಿಂದ?”

“ನಾಲ್ಕು ತಿಂಗಳು. ಮೇಲಿನ ಸ್ವರ ಎಲ್ಲಾ ಕೇಳುತ್ತೆ. ಹಕ್ಕಿ ಕೇಳುತ್ತೆ, ಕುಕ್ಕರ್ ಕೇಳುತ್ತೆ, ನಿಮ್ಮ ಮೈಕಮ್ಮ ಅಂತೂ ಕೇಳೇ ಕೇಳ್ತಾರೆ. ತಗ್ಗಿನದೇ ಹೋಗಿದೆ. ನಂದೇ ಹೋಗಿದೆ.” ನಗಲು ಯತ್ನಿಸಿದ. “ಕೋಣನ ಮುಂದೆ ಕಿನ್ನರಿ ಅಂತಾರಲ್ಲ. ಈಗ ಕಿನ್ನರಿ ನುಡಿಸ್ತಿರೋದೇ ಕೋಣ.”

“ತಲೆ ಸುತ್ತುತ್ತಾ?”

“ಎರಡು ಸಲ. ಜೋರಾಗಿ.”

“ಹಡಗಿನ ಮೆಟ್ಟಿಲ ಮೇಲೆ ಸುತ್ತಿದ್ರೆ?”

“ಇಲ್ಲೇ ಇದ್ದು ಏನು ಮಾಡ್ಲಿ?” ನನ್ನ ಪೆನ್ನಿನ ಕಡೆ ಕೈ ತೋರಿಸಿದ. “ಒಂದು ಸಹಿ ಮೇಡಂ. ಅಷ್ಟೇ.”

ಪೆನ್ನು ಕೈಯಲ್ಲೇ ಇತ್ತು. ಸಹಿ ಹಾಕಿದರೆ ಹಡಗು ಅವನನ್ನು ಒಯ್ಯುತ್ತದೆ. ಹಾಕದಿದ್ದರೆ ಅವನು ಈ ಬಾಗಿಲಿಗೆ ಮತ್ತೆ ಬರುವುದಿಲ್ಲ. ಎರಡು ಕಡೆಯೂ ಸೋಲು ನನ್ನದೇ. ಇನ್ನೂ ನಾಚಿಕೆಯ ಸಂಗತಿಯೊಂದಿತ್ತು. ಅವನು ಹೋಗಬಾರದೆಂಬ ಆಸೆ ನನ್ನ ತೀರ್ಪಿನೊಳಗೆ ನುಸುಳಿದೆಯೇ ಎಂದು ಹೆದರಿ, ಎಡಗಿವಿಯನ್ನು ಇನ್ನೆರಡು ಸಲ ಪರೀಕ್ಷಿಸಿದೆ, ತಾಳ ತಪ್ಪಿಸಿ ತಪ್ಪಿಸಿ. ದೀಪ ಹತ್ತಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ.

“ಮೇಲಿನ ಮಹಡೀಲಿ ಕಿವಿ ಡಾಕ್ಟರ್ ಇದಾರೆ. ಈಗಲೇ ಹೋಗಿ. ಇದು ಏರಿಳಿಯೋ ಜಾತಿಯ ಕಾಯಿಲೆ ಇರಬಹುದು. ಸ್ವಲ್ಪ ವಾಪಸ್ ಬಂದರೂ ಬರಬಹುದು.”

“ಇದೇ ನಿಮ್ಮ ಕಿವಿಮಾತಾ?” ಎಂದ. ನಾನು ಬರೆದ ಚೀಟಿ ತೆಗೆದುಕೊಂಡು ಹೋದ. ಪಟ್ಟಿಯ ಕಾರ್ಡು ನನ್ನ ಮೇಜಿನ ಮೇಲೇ ಉಳಿಯಿತು.

ಮುಂದಿನ ಗುರುವಾರ ಏನೂ ಆಗಲಿಲ್ಲ. ಅದರ ಮುಂದಿನ ಗುರುವಾರವೂ ಅಷ್ಟೇ.

ಹದಿನಾಲ್ಕು ಜನ ಬಂದರು, ಹೋದರು. ಮೈಕಮ್ಮ ಕೂಗಿದಳು. ಯಂತ್ರ, ಗಾಜು, ದೀಪ, ಎಲ್ಲವೂ ಇದ್ದಲ್ಲೇ ಇದ್ದವು. ಆದರೂ ಕೋಣೆಯ ಕೆಳಗಿನಿಂದ ಯಾರೋ ಏನನ್ನೋ ಎಳೆದುಕೊಂಡ ಹಾಗೆ, ನಾನು ಆಡುವ ಪ್ರತಿ ಮಾತೂ ತೆಳ್ಳಗೆ ಕೇಳುತ್ತಿತ್ತು. ಬೇಸ್ ಹೋದರೆ ಉಳಿಯುವುದು ಬೇಸರ ಎಂದು ಅವನಿಗೆ ಹೇಳಬೇಕೆನಿಸಿತು. ಇಂಥ ಸವಕಲು ಶ್ಲೇಷೆಗೂ ಆ ಎಡಗಡೆ ತುಟಿ ಮೇಲೇಳುತ್ತಿತ್ತು. ಸಂಜೆ ಮನೆಯಲ್ಲಿ ಫ್ರಿಜ್ಜಿಗೆ ಹೇಳಿದೆ. ಅದು ಗುಂಯ್ ಎಂದು, ಆಮೇಲೆ ಅದೂ ನಿಂತಿತು.

ಬ್ಯಾಗಿನಿಂದ ಕಾರ್ಡು ತೆಗೆದು ಮೊದಲನೇ ಸ್ಥಾನಕ್ಕೆ ಬರೆದೆ: ‘ಯಾರಿಗೂ ಮುಖ ನೆನಪಿಲ್ಲದವನು’. ವಾದದಲ್ಲಿ ನಾನು ಸೋತಿದ್ದೆ. ಹೇಳಿಕೊಳ್ಳಲು ಗೆದ್ದವನಿರಲಿಲ್ಲ.

ಏಳನೇ ಗುರುವಾರ, ಊಟದ ಬಿಡುವಿನಲ್ಲಿ, “ನಾಲ್ಕು ತಂತಿಯವರೇ! ಸಣ್ಣಗಾಗಿದೀರಾ!” ಎಂಬ ಘೋಷಣೆ ಕೇಳಿಸಿತು.

ಅವನು ಬಾಗಿಲಲ್ಲಿ ನಿಂತಿದ್ದ. “ಔಷಧಿ ತಗೋತಿದೀನಿ. ಉಪ್ಪು ಬಿಟ್ಟಿದೀನಿ. ಅರ್ಧ ವಾಪಸ್ ಬಂತು. ಹಡಗು ಹೋಯ್ತು.” ಒಳಗೆ ಬಂದು ಗಾಜಿಗೆ ಒರಗಿದ. “ಒಂದು ಸಣ್ಣ ಬ್ಯಾಂಡ್ ಸೇರಿಕೊಂಡೆ. ಸ್ಪೀಕರ್‌ಗೆ ಬೆನ್ನು ಒತ್ತಿ ನಿಂತು ನುಡಿಸ್ತೀನಿ. ಬೆನ್ನಿಗೆ ಕೇಳುತ್ತೆ. ನನಗೆ ನಿಮ್ಮ ಮೇಲೆ ಸಿಟ್ಟಿತ್ತು ಮೇಡಂ. ಈಗ ಹುಡುಕಿದ್ರೂ ಸಿಕ್ತಿಲ್ಲ.”

ನಾನು ಕಾರ್ಡು ಕೊಟ್ಟೆ. ಅವನು ಮೊದಲನೇ ಸಾಲು ಓದಿದ. ಮತ್ತೊಮ್ಮೆ ಓದಿದ.

“ನನ್ನ ಓಟಿಗೆ ನೀವ್ಯಾಕೆ ಬಂದ್ರಿ?”

“ಐದು ವಾರದ ಹಿಂದೆ ಒಬ್ಬರು ಕೇಳಿದ್ರು, ನಿಮಗೆ ಯಾರೂ ಹೋಗಿಲ್ವಾ ಅಂತ.”

ಅವನು ನನ್ನನ್ನು ನೋಡಿದ. ಈ ಸಲ ಡ್ರೆಸ್ಸನ್ನೂ ನೋಡಿದ. ಹಳೆಯದು, ಅದೃಷ್ಟ ಕೆಟ್ಟಿತ್ತು.

“ನೀವು ಒಳಗೆ ಕೂತ್ಕೊಳ್ಳಿ,” ಎಂದ. “ಇವತ್ತು ಪರೀಕ್ಷೆ ನಿಮಗೆ. ಯಾವ ಗುಂಡಿ ಒತ್ತಬೇಕು?”

ತೋರಿಸಿದೆ. ದಪ್ಪ ಬಾಗಿಲು ಮುಚ್ಚಿತು. ಎಷ್ಟು ಜನರನ್ನು ಈ ನಿಶ್ಶಬ್ದದಲ್ಲಿ ಕೂರಿಸಿದ್ದೇನೆ! ಒಳಗೆ ನನ್ನ ಎದೆಬಡಿತ ನನಗೇ ಕೇಳುತ್ತಿತ್ತು, ಅಷ್ಟೊಂದು ತಗ್ಗಿನಲ್ಲಿ.

ಸದ್ದು ಬಂತು. ಒತ್ತಿದೆ. ಇನ್ನೊಂದು ಬಂತು. ಒತ್ತಿದೆ. ನಾಲ್ಕು ಎಣಿಕೆಗೊಂದು, ಗಡಿಯಾರದ ಹಾಗೆ.

ಆಮೇಲೆ ಏನೂ ಬರಲಿಲ್ಲ. ಗಾಜಿನಾಚೆ ಅವನು ಎರಡೂ ಕೈಗಳನ್ನು ಮೇಜಿನಿಂದ ಎತ್ತಿ, ನನಗೆ ಕಾಣುವಂತೆ ಮಡಿಚಿಕೊಂಡು ಕೂತ.

ಕಣ್ಣು ಮುಚ್ಚಿದೆ. ಒಂದು. ಎರಡು. ಮೂರು.

ಒತ್ತಿದೆ.

ಹೆಡ್‌ಫೋನಿನಲ್ಲಿ ಅವನ ದನಿ ಬಂತು, ಎರಡೂ ಕಿವಿಗೆ. “ಮೇಡಂ, ನಾನು ಏನೂ ಕಳಿಸಲಿಲ್ಲ.”

“ಗೊತ್ತು.”

“ಮತ್ತೆ?”

“ಕೇಳಿಸ್ತು.”