ಕೈ ಹಚ್ಚದ ಚಿಕಿತ್ಸೆ

ಯಂತ್ರ ಟಕಟಕ ಎನ್ನುತ್ತ ಭಾಗಮ್ಮನ ಎಡಗಾಲಿಗೆ ಆಘಾತ ತರಂಗಗಳನ್ನು ಕಳಿಸುತ್ತಿತ್ತು. ಕ್ಷಣದಲ್ಲಿ ಬಂದುಹೋಗುವ ಬಲವಾದ ಶಬ್ದದ ಅಲೆಗಳವು. ಆನೆಕಾಲು ರೋಗದಿಂದ ಕಲ್ಲಾಗಿದ್ದ ಮಾಂಸವನ್ನು ಮೆದುಗೊಳಿಸಿ, ಕಾಲಲ್ಲಿ ನಿಂತು ಊತ ತರುವ ದುಗ್ಧರಸವೆಂಬ ದ್ರವ ಹರಿಯಲು ಹೊಸ ನಾಳಗಳನ್ನೇ ಚಿಗುರಿಸುತ್ತಿದ್ದವು. ಎರಡೇ ತಿಂಗಳಲ್ಲಿ, ಕಂಬದಂತಿದ್ದ ಕಾಲಿನಲ್ಲಿ ಕಣಕಾಲಿನ ಗೆಣ್ಣು ಕಾಣಿಸಿತು. 2058ರ ಆ ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ಆ ಸಣ್ಣ ಆಸ್ಪತ್ರೆಗೆ ಕ್ಯಾಮೆರಾಗಳು ಮುತ್ತಿಕೊಂಡವು.

ಇಪ್ಪತ್ತಾರು ವರ್ಷ ಇಂಥ ಕಾಲುಗಳನ್ನು ತೊಳೆದು, ನೀವಿ, ಪಟ್ಟಿ ಸುತ್ತಿದ್ದ ದಾದಿ ಜಗದೇವಿ ದೂರ ನಿಂತು ನೋಡಿದಳು. ಯಂತ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಅದನ್ನು ರೂಪಿಸಿದ ಡಾಕ್ಟರ್ ಪುರಾಣಿಕರೇ 'ಪಟ್ಟಿಯ ಜೊತೆಗೆ' ಎಂದು ತಮ್ಮ ಪ್ರಬಂಧದಲ್ಲಿ ಬರೆದಿದ್ದರು. ಆಸ್ಪತ್ರೆಯ ಮುಖ್ಯಸ್ಥರಿಗೆ ಆ ಎರಡು ಪದ ಕಾಣಲಿಲ್ಲ.

"ಇನ್ನ ಆ ಹೊಲಸು ಕೆಲಸ ಬ್ಯಾಡ, ಸಿಸ್ಟರ್," ಎಂದು ಮೂಗು ಮುಚ್ಚಿಕೊಂಡೇ ಹೇಳಿ, ಅವಳನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದರು. ಸನ್ಮಾನದ ಹಾರ ಹಾಕಿಸಿಕೊಂಡು ನಿಂತಿದ್ದ ಪುರಾಣಿಕರು ಕೇಳಿಯೂ ಕ್ಯಾಮೆರಾಗಳತ್ತ ತಿರುಗಿದರು. ಕೊರಳಲ್ಲಿ ಹಾರವಿರುವಾಗ ತಲೆ ಅಲ್ಲಾಡಿಸುವುದು ಕಷ್ಟ, ಎಂದುಕೊಂಡಳು ಜಗದೇವಿ.

ತೊಳೆದು ಪಟ್ಟಿ ಸುತ್ತುವವರಿಲ್ಲದೆ ಆರು ತಿಂಗಳಿಗೆ ಕಾಲುಗಳು ಮತ್ತೆ ಊದಿದವು. ಭಾಗಮ್ಮನ ಬೆರಳ ಸಂದಿಯಲ್ಲಿ ಹುಣ್ಣಾಗಿ ಜ್ವರ ಬಂತು. ಪುರಾಣಿಕರು ಹೈದರಾಬಾದಿನಿಂದ ಓಡಿಬಂದರು. ಹಾಸಿಗೆಗೆ ಮೂರು ಹೆಜ್ಜೆ ದೂರ ನಿಂತು ಯಂತ್ರದ ಪರದೆಯ ಮೇಲಿನ ಗೆರೆಗಳನ್ನು ನೋಡಿದರು.

"ತರಂಗದ ಶಕ್ತಿ ಸಾಲಲಿಲ್ಲ," ಎಂದರು.

ಜಗದೇವಿ ಕಿಟಕಿ ಬಿಟ್ಟು ಬಂದಿದ್ದಳು. "ಸಾಹೇಬ್ರ, ಈ ಕಾಲು ನೀವು ಒಮ್ಮೆರೆ ಮುಟ್ಟೀರೇನು?"

"ನನ್ನ ಕೆಲಸ ಅದಲ್ಲಮ್ಮ."

"ಗೊತ್ತದರಿ," ಎಂದು ಜಗದೇವಿ ಬಾಗಿಲಲ್ಲಿದ್ದ ಮುಖ್ಯಸ್ಥರತ್ತ ಕೈ ತೋರಿಸಿದಳು. "ಯಾರ ಕೆಲಸಾನೂ ಅಲ್ಲ. ರೋಗ ವಾಸಿ ಆಗ್ಲಿ ಅಂತ ಇವ್ರು ಈ ಮಷೀನ್ ತರಿಸಿಲ್ಲ. ಕೈ ಹಚ್ಚೋದು ತಪ್ಪಲಿ ಅಂತ ತರಿಸ್ಯಾರ."

ಅವಳು ಉಗುರುಬೆಚ್ಚಗಿನ ನೀರು ತಂದು, ನೆಲಕ್ಕೆ ಕುಳಿತು ಹುಣ್ಣು ತೊಳೆಯತೊಡಗಿದಳು. ತಡೆಯಲು ಬಾಯಿ ತೆರೆದ ಮುಖ್ಯಸ್ಥರು ವಾಸನೆಗೆ ಅದನ್ನು ಮತ್ತೆ ಮುಚ್ಚಿದರು.

ಪುರಾಣಿಕರು ಸೋಲೊಪ್ಪುವವರಲ್ಲ. ತೊಳೆದು ಪಟ್ಟಿ ಸುತ್ತುವ ಯಂತ್ರವನ್ನೂ ವರ್ಷದೊಳಗೆ ಮಾಡಿಕೊಡುವೆನೆಂದು ಭಾಗಮ್ಮನಿಗೆ ಮಾತು ಕೊಟ್ಟರು.

ಭಾಗಮ್ಮ ಅವರನ್ನು ನೇರವಾಗಿ ನೋಡಿದಳು.

"ಮಾಡ್ರಿ. ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದ್ರಂಗಿಲ್ಲ. ಮೂವತ್ತು ವರ್ಷದ ಹಿಂದ ಇಂಥದೇ ಕಾಲಿದ್ದ ನಮ್ಮವ್ವನ ಬಾಜೂಕೂ ಕುಂದರ್ತಿರಲಿಲ್ಲ. ಆ ಸೀಟಿನ್ಯಾಗ ಕುಂದ್ರಾಕೂ ಒಂದು ಮಷೀನ್ ಮಾಡ್ರಿ."