ಕೊನೆ ನೋಡದ ಸಿನಿಮಾಗಳು

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಹಜಬೀನ್ ಮೊಬೈಲ್ ತೆರೆದಳು. ಸಾಲಿನಲ್ಲಿ ಒಂದು ಸಿನಿಮಾ ಇರಲಿಲ್ಲ.

ಬಸವಕಲ್ಯಾಣದ ಕೋಟೆ ರಸ್ತೆಯ ಆ ಔಷಧಿ ಅಂಗಡಿಯಲ್ಲಿ ಫ್ಯಾನ್ ತಿರುಗುವ ಸದ್ದೊಂದೇ ಇತ್ತು. ಅವಳು ಸಾಲನ್ನು ಹಿಂದೆ ಮುಂದೆ ಸರಿಸಿ ನೋಡಿದಳು. ಅರ್ಧಕ್ಕೆ ಬಿಟ್ಟ ಸಿನಿಮಾಗಳನ್ನು ಆ್ಯಪ್ ತಾನಾಗಿಯೇ ಜೋಡಿಸಿಡುವ ಸಾಲು ಅದು. ಒಂದೊಂದು ಚಿತ್ರದ ಕೆಳಗೂ ಒಂದು ಕೆಂಪು ಗೆರೆ. ಹೆಚ್ಚುಕಡಿಮೆ ಎಲ್ಲ ಗೆರೆಗಳೂ ಕೊನೆ ಮುಟ್ಟಲು ಸ್ವಲ್ಪವೇ ಜಾಗ ಬಿಟ್ಟು ನಿಂತಿದ್ದವು. ಪೂರ್ತಿ ನೋಡಿದರೆ ಮಾತ್ರ ಸಿನಿಮಾ ಅಲ್ಲಿಂದ ಮರೆಯಾಗುತ್ತದೆ. ಅವಳು ನೋಡಿರಲಿಲ್ಲ. ಅವಳ ಜೊತೆ ನೋಡಬೇಕಾಗಿದ್ದ ಸರ್ಫರಾಜ್ ತೀರಿಹೋಗಿ ಎರಡು ವರ್ಷ ದಾಟಿತ್ತು.

ಅವಳ ಕೈ ತಣ್ಣಗಾಯಿತು. ಅದು ಭಯವೆಂದುಕೊಂಡಳು. ನಿಜ ಹೇಳಬೇಕೆಂದರೆ ಅದು ಆಸೆ.

ಸರ್ಫರಾಜ್ ಹುಮನಾಬಾದಿನವನು. ಮದುವೆ ನಿಶ್ಚಯದ ಮಂಗನಿ ಆದಮೇಲೆ ನಿಕಾಹ್ ಆಗುವವರೆಗೆ ಹುಡುಗ ಹುಡುಗಿ ಭೇಟಿಯಾಗಬಾರದೆಂದು ಎರಡೂ ಮನೆಯ ಹಿರಿಯರ ಕಟ್ಟಪ್ಪಣೆ. ಫೋನಿಗೆ ಮಾತ್ರ ಅಡ್ಡಿಯಿರಲಿಲ್ಲ. ಹಾಗಾಗಿ ಅವನು ಅಲ್ಲಿ ಮನೆಯ ಟಿವಿಯಲ್ಲಿ, ಇವಳು ಇಲ್ಲಿ ಮೊಬೈಲಿನಲ್ಲಿ, ಒಂದೇ ಖಾತೆಯಿಂದ ಒಂದೇ ಸಿನಿಮಾ ಹಚ್ಚಿಕೊಂಡು, ಫೋನಿನಲ್ಲಿ ಒಬ್ಬರ ನಗು ಇನ್ನೊಬ್ಬರು ಕೇಳುತ್ತ ನೋಡುತ್ತಿದ್ದರು. ಮುಂದೆ ಯಾವುದು ನೋಡುವುದೆಂದು ಜಗಳವಾಡಿ ಆಯ್ದಿಟ್ಟುಕೊಳ್ಳುತ್ತಿದ್ದರು. ಆದರೆ ಕೊನೆ ಹತ್ತಿರ ಬಂತೆಂದರೆ ಅವನು ನಿಲ್ಲಿಸಿಬಿಡುತ್ತಿದ್ದ.

“ಕೊನೀದು ನಿಕಾಹ್ ಆದಮ್ಯಾಲ. ಒಂದೇ ಮನ್ಯಾಗ ಕೂಡೇ ನೋಡೂಣು.”

“ಇಷ್ಟೆಲ್ಲಾ ಕೂಡಿಟ್ಟರ ನಿಮ್ಮ ರಜಾ ಪೂರಾ ಅದಕ್ಕೇ ಹೋಗತದ.”

“ಹೋಗಲಿ. ಬ್ಯಾರೆ ಏನ್ ಕೆಲಸ ಇಟಗೊಂಡಿ ನೀ?”

ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಅವನಿಗೆ ಕಾಣಿಸದಿದ್ದದ್ದೇ ಒಳ್ಳೆಯದಾಯಿತು.

ಒಂದು ಸಂಜೆ ಸಿನಿಮಾದ ನಡುವೆ, “ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ, ಹಂಗೇ ನಿಲ್ಲಸಿರು” ಎಂದು ಹೋದವನು ಹೆದ್ದಾರಿಯಿಂದ ಮರಳಲಿಲ್ಲ. ಅವಳು ಇನ್ನೂ ನಿಲ್ಲಿಸಿಯೇ ಇದ್ದಳು.

ಮೊದಲ ಸಿನಿಮಾ ಕಾಣೆಯಾದ ಮರುವಾರ ಸಾಲಿನಿಂದ ಇನ್ನೊಂದು ಹೋಯಿತು. ಅದರ ಮುಂದಿನ ವಾರ ಮತ್ತೊಂದು. ಯಾವಾಗಲೂ ಶುಕ್ರವಾರ, ಜುಮ್ಮಾ ನಮಾಜು ಮುಗಿಯುವ ವೇಳೆಗೆ. ಮಹಜಬೀನ್ ಶುಕ್ರವಾರಗಳಂದು ಕಣ್ಣಿಗೆ ಸುರ್ಮಾ ಹಚ್ಚಿಕೊಂಡು ಅಂಗಡಿಗೆ ಬರತೊಡಗಿದಳು. ಹುಮನಾಬಾದಿನ ಆ ಟಿವಿಯಲ್ಲಿ ಖಾತೆ ಇನ್ನೂ ತೆರೆದೇ ಇದೆಯೆಂದು ಅವಳ ಬುದ್ಧಿಗೆ ಗೊತ್ತಿತ್ತು. ಬುದ್ಧಿಯ ಮಾತು ಕೇಳುವವರು ಯಾರು? ಮಾತ್ರೆಯ ಪಟ್ಟಿ ಕತ್ತರಿಸುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿ ನೋಡಿದರೆ ಹೊರಟುಹೋದಾನೆಂದು ಅವಳು ತಿರುಗುತ್ತಿರಲಿಲ್ಲ.

ಆದರೆ ಸಾಲು ಕರಗುತ್ತಿತ್ತು. ಹೀಗೇ ಹೋದರೆ ಅವನು ನಡುವಿನಲ್ಲಿ ಎದ್ದುಹೋದ ಆ ಸಿನಿಮಾದ ಸರದಿಯೂ ಬರುತ್ತಿತ್ತು. ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಸರ್ಫರಾಜ್‌ನ ತಾಯಿ ರಹೀಮಾ ಅವರ ನಂಬರಿಗೆ ಒಂದು ಶುಕ್ರವಾರ ಫೋನ್ ಮಾಡಿದಳು. ಗಂಡಸಿನ ದನಿ ಸಲಾಂ ಹೇಳಿತು.

“ಯಾರ್ ನೀವು?” ಅವಳು ಕೇಳಿದಳು. “ಅವರ ಸಿನಿಮಾ ಯಾಕ ಮುಗಸಾಕತ್ತೀರಿ?”

“ಮಹಜಬೀನ್ ಏನ್ರಿ? ನಾ ಸೋಹೇಲ. ಸರ್ಫರಾಜ್‌ನ ದೋಸ್ತ. ಇಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಅದ ನಂದು. ಶುಕ್ರವಾರ ರಹೀಮಾ ಖಾಲಾ ಊಟಕ್ಕ ಕರೀತಾರ.”

“ಸಿನಿಮಾ?”

“ಇಷ್ಟ ದಿನ ಖಾಲಾ ಟಿವಿ ಮ್ಯಾಲಿನ ಬಟ್ಟೀನೇ ತಗದಿರಲಿಲ್ರಿ. ಈಗ, ಮಗ ಎಲ್ಲಿ ಬಿಟ್ಟಾನ ಅಲ್ಲಿಂದ ಹಚ್ಚು ಅಂತಾರ. ಅವ ಅರ್ಧಾ ಬಿಟ್ಟದ್ದು ಒಂದೂ ಉಳೀಬಾರದಂತ.”

“ಮೊದಲಿಂದ ಯಾಕ ನೋಡೂದಿಲ್ಲ?”

“ಮೊದಲಿನದು ಅವ ನೋಡ್ಯಾನಲ್ರಿ.”

ಆ ತಾಯಿ ಮತ್ತು ಆ ಗೆಳೆಯ ವಾರವಾರ ಕೂತು ತಲೆಬುಡ ಗೊತ್ತಿಲ್ಲದ ಕೊನೆಗಳನ್ನೇ ನೋಡುತ್ತಿದ್ದರು.

“ಒಂದು ಕೇಳಲೇನ್ರಿ?” ಎಂದ ಸೋಹೇಲ. “ಹೋದ ವಾರ ಒಂದ್ರಾಗ ಎಲ್ಲಾರೂ ಒಬ್ಬ ಮುದುಕಗ ಅಪ್ಪಿಕೊಂಡು ಅತ್ತರು. ಖಾಲಾನೂ ಅತ್ತರು. ಯಾರ್ರಿ ಅವ?”

“ಅವನಾ? ಹೆಂಡ್ತಿ ಮಕ್ಕಳಿಗ ಮನೀ ಬಿಟ್ಟು ಓಡಿಸಿದಾವ.”

“ಹಂಗಾರ ನಮ್ಮ ಕಣ್ಣೀರು ದಂಡ ಆತು.”

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಹಿಂದೆಯೇ ಅಳುವನ್ನೂ ಕರೆದುಕೊಂಡು ಬಂತು. ಸೋಹೇಲ ಫೋನ್ ಇಡದೆ ಕಾದ.

ಅಂದಿನಿಂದ ಶುಕ್ರವಾರ ಫೋನಿನ ದಿನವಾಯಿತು. ಅವನು ಕೊನೆ ಹೇಳುತ್ತಿದ್ದ, ಇವಳು ಮೊದಲು ಹೇಳುತ್ತಿದ್ದಳು. ಸಿನಿಮಾದಲ್ಲಿ ಸತ್ತ ನಾಯಕಿಯ ಹೆಸರನ್ನು ಅವನು ತಪ್ಪು ಹೇಳಿದರೆ ಇವಳು ಬೈಯುತ್ತಿದ್ದಳು. ಆದರೆ ಮಾತು ನಿಂತಾಗಲೆಲ್ಲ ಆ ಮೌನದಲ್ಲಿ ಮೂರನೆಯವನೊಬ್ಬ ಕೇಳಿಸಿಕೊಳ್ಳುತ್ತಿದ್ದಾನೆ ಎನಿಸುತ್ತಿತ್ತು. ಇಬ್ಬರಿಗೂ ಹಾಗೇ ಎನಿಸುತ್ತಿತ್ತು, ಇಬ್ಬರೂ ಹೇಳಿಕೊಂಡಿರಲಿಲ್ಲ.

ಒಂದು ದಿನ ಅಂಗಡಿಗೆ ಎತ್ತರದ ಗಿರಾಕಿಯೊಬ್ಬ ಬಂದ. ಅಂಗಿಗೆ ವಾರ್ನಿಶ್ ವಾಸನೆ, ಬೆರಳುಗಳಲ್ಲಿ ತಾಮ್ರದ ತಂತಿ ಕೊಯ್ದ ಸಣ್ಣ ಗಾಯಗಳು.

“ತಲಿನೋವಿಗಿ ಗುಳಿಗಿ ಕೊಡ್ರಿ.”

ದನಿ ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. “ಎಷ್ಟ ದಿನದಿಂದ ಅದ?”

“ನಿಮ್ಮ ಫೋನ್ ಬಂದಾಗಿಂದ.”

ಆಗ ಎತ್ತಿದಳು. ಅವನು ಕಣ್ಣು ತಪ್ಪಿಸಿ ಗಾಜಿನ ಕಪಾಟಿನೊಳಗಿನ ಕೆಮ್ಮಿನ ಔಷಧಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಕಿವಿಗಳು ಕೆಂಪಾಗಿದ್ದವು. ಬಾಂಡೇಜ್ ಪಟ್ಟಿಯೊಂದನ್ನೂ ಗುಳಿಗೆಯ ಜೊತೆ ಅವಳು ಸರಿಸಿದಳು. ಅಂದು ರಾತ್ರಿ ತನ್ನ ಮೇಲೆ ತನಗೇ ಸಿಟ್ಟು ಬಂದು ಊಟ ಬಿಟ್ಟಳು.

ಕೊನೆಗೆ ಸಾಲಿನಲ್ಲಿ ಅದೊಂದೇ ಉಳಿಯಿತು. ಸರ್ಫರಾಜ್ ನಡುವೆ ಎದ್ದುಹೋದದ್ದು.

“ಅದನ್ನ ಮುಟ್ಟಬ್ಯಾಡ್ರಿ,” ಎಂದಳು.

“ಇಲ್ರಿ, ಮುಟ್ಟೂದಿಲ್ಲ,” ಎಂದ ಸೋಹೇಲ. ಅಷ್ಟರಲ್ಲಿ ರಹೀಮಾ ಫೋನ್ ತೆಗೆದುಕೊಂಡರು.

“ಬೇಟಿ, ಅದನ್ನ ನಿನಗ ಬಿಟ್ಟು ನಾವು ನೋಡೂದಿಲ್ಲ. ನೀನೇ ಬಾ. ನನ್ನ ಮಗ ಇನ್ನೂ ಎಷ್ಟ ದಿನ ದಾರ್ಯಾಗ ನಿಂದರಬೇಕು? ನೀ ಎಷ್ಟ ದಿನ ನಿಂದರತಿ?”

ಅದು ಮುಗಿದರೆ ಸರ್ಫರಾಜ್ ಎಲ್ಲಿಯೂ ಅರ್ಧಕ್ಕೆ ಉಳಿದಿರುವುದಿಲ್ಲ. ಮುಗಿಯದಿದ್ದರೆ ಅವಳ ಆಯುಷ್ಯವೇ ಅಲ್ಲಿ ನಿಂತುಬಿಡುತ್ತದೆ. ವಾರವೆಲ್ಲ ಇದನ್ನೇ ಯೋಚಿಸಿ, ಶುಕ್ರವಾರ ಅವಳು ಹುಮನಾಬಾದಿನ ಬಸ್ಸು ಹತ್ತಿದಳು.

ರಹೀಮಾ ಅವಳನ್ನು ದಿವಾನದ ಒಂದು ತುದಿಯಲ್ಲಿ ಕೂರಿಸಿ, ತಾವು ಇನ್ನೊಂದು ತುದಿಯಲ್ಲಿ ಕೂತರು. ಸೋಹೇಲ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಮಹಜಬೀನ್ ಬಿಸ್ಮಿಲ್ಲಾ ಎಂದು ರಿಮೋಟ್ ಒತ್ತಿದಳು. ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ನಿಂತಿದ್ದ ನಾಯಕ ಎರಡು ವರ್ಷದ ಮೇಲೆ ಆ ಕಾಲನ್ನು ಕೆಳಗಿಟ್ಟ.

ದಿವಾನದ ನಡುವೆ ಹಾಸಿಗೆ ಸ್ವಲ್ಪ ತಗ್ಗಿದಂತೆ ಅವಳಿಗೆ ತೋರಿತು. ಯಾರೋ ಬಂದು ಕೂತ ಹಾಗೆ. ಈ ಸಲ ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ, ಆದರೂ ಹೆದರಿಕೆಯಾಗಲಿಲ್ಲ.

ಸಿನಿಮಾ ಅಷ್ಟೇನೂ ಚೆನ್ನಾಗಿರಲಿಲ್ಲ. ಮುಗಿಯಿತು. ಸಾಲೂ ಮಾಯವಾಯಿತು. ರಹೀಮಾ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, ಚಾ ಇಡುತ್ತೇನೆಂದು ಒಳಗೆ ಹೋದರು.

“ನಿಮ್ಮ ಕೂಡ ಮಾತಾಡಿದ್ರ ನನಗ ಹೆದರಿಕಿ ಆಗತದ,” ಎಂದಳು ಮಹಜಬೀನ್. “ನೀವೂ ಒಂದಿನ ಹೊರಗ ಹೋಗತೀರಿ. ನಾ ಮತ್ತ ಕಾಯ್ಕೋತ ಕೂಡಬೇಕಾಗತದ.”

ಸೋಹೇಲ ಆಣೆ ಹಾಕಲಿಲ್ಲ. “ಹೋಗತೀನ್ರಿ. ಕೆಲಸ ಅದ, ರಸ್ತಾ ಅದ. ತಿರುಗಿ ಬಂದೇ ಬರ್ತೀನಿ ಅಂತ ಹ್ಯಾಂಗ ಹೇಳಲಿ? ಆದ್ರ ಹೇಳೂ ಮಾತು ಉಳಿಸಿ ಹೋಗೂದಿಲ್ಲ.”

“ಹಂಗಾರ ಈಗೇ ಹೇಳ್ರಿ.”

ಅವನು ನೆಲ ನೋಡುತ್ತ ಹೇಳಿದ. “ನಿಮ್ಮ ಮ್ಯಾಲ ನನಗ ಪ್ರೀತಿ ಆಗ್ಯಾದ. ಈ ಮನ್ಯಾಗ, ಅವನ ಮುಂದ ಹೇಳಾಕ ನಾಚಿಕಿ ಬರತದ. ಆದರೂ ಹೇಳೀನಿ.”

ಅಡುಗೆಮನೆಯಲ್ಲಿ ಚಾ ಕುದಿಯುವ ಸದ್ದು ಕೇಳುತ್ತಿತ್ತು. ಅವಳು ದಿವಾನದ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು.

“ನನಗೂ ಆಗ್ಯಾದ. ಆದ್ರ ಅವರಿಗ ಇಲ್ಲಿಂದ ಎಬ್ಬಿಸಿ ಈ ಜಾಗಾ ನಿಮಗ ಕೊಡೂದು ನನ್ನಿಂದ ಆಗೂದಿಲ್ಲ.”

“ಎಬ್ಬಸಬ್ಯಾಡ್ರಿ. ಅವ ನನಗಿಂತ ಮೊದಲು ಬಂದಾವ. ನಾ ಆ ಕಡಿ ಕೂಡತೀನಿ.”

ಅವನು ಕುರ್ಚಿ ಬಿಟ್ಟು ಎದ್ದು ಬಂದ. ನಡುವೆ ಒಬ್ಬ ಕೂರುವಷ್ಟು ಜಾಗ ಬಿಟ್ಟು, ದಿವಾನದ ಆ ತುದಿಯಲ್ಲಿ ಕೂತ.