ಮಣಿಕಟ್ಟಿನ ಮೇಲಿನ ನಂಬರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಜನಜಂಗುಳಿ ಇರುವ ಕಡೆ ಹೋಗುವಾಗ ಮಕ್ಕಳಿಬ್ಬರ ಮಣಿಕಟ್ಟಿನ ಮೇಲೂ ಪೆನ್ನಿನಿಂದ ನನ್ನ ಫೋನ್ ನಂಬರು ಬರೆಯುವುದು ನನ್ನ ರೂಢಿ. ಆ ಭಾನುವಾರ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಅವಸರದಲ್ಲಿ ಬರೆಯುವಾಗ ದೊಡ್ಡವಳ ಕೈ ಮೇಲೆ ಕೊನೆಯ ಅಂಕಿ ತಪ್ಪಿತು. ಗೀಚಿ, ಪಕ್ಕದಲ್ಲಿ ಸರಿಯಾದದ್ದು ಬರೆದೆ.

ತಿಮಿಂಗಿಲದ ಎಲುಬುಗೂಡಿನ ಕೆಳಗೆ ನಿಂತಿದ್ದಾಗ ಫೋನ್ ಬಂತು. "ಬ್ಯಾಗ್ ಇಡೋ ಕೌಂಟರಿಂದ ಮಾತಾಡ್ತಿದ್ದೀನಮ್ಮ. ನಿಮ್ಮ ಮಗಳು ತಪ್ಪಿಸಿಕೊಂಡು ಇಲ್ಲಿ ಬಂದು ಕೂತಿದಾಳೆ. ಕೈ ಮೇಲೆ ಈ ನಂಬರಿತ್ತು. ಕೊನೇದು ಗೀಚಿ ಬರೆದಿದ್ದೀರಲ್ಲ, ಅದೇ."

"ಇಲ್ಲಪ್ಪ, ಇಬ್ರೂ ನನ್ನ ಜೊತೆನೇ ಇದಾರೆ," ಎಂದೆ. ಅಷ್ಟರಲ್ಲಿ ಅವನ ಹಿಂದೆ ಯಾರೋ ಬಿಕ್ಕುವುದು ಕೇಳಿಸಿತು. ನಮ್ಮ ದೊಡ್ಡವಳು ಅಳುವುದೇ ಹಾಗೆ, ಎರಡು ಬಿಕ್ಕಿಗೊಮ್ಮೆ ಮೂಗು ಎಳೆದುಕೊಂಡು.

ನನ್ನ ಬಲಗೈಯಲ್ಲಿದ್ದ ಅವಳ ಕೈ ತಿರುಗಿಸಿ ನೋಡಿದೆ. ಗೀಚಿದ ಅಂಕಿ ಇತ್ತು. ಕೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಬೆಳಿಗ್ಗೆಯಿಂದ ಪಟಪಟ ಮಾತಾಡುತ್ತಿದ್ದವಳು ಬಹಳ ಹೊತ್ತಿನಿಂದ ತುಟಿ ಪಿಟಕ್ಕೆಂದಿಲ್ಲ ಎಂಬುದು ಆಗ ಹೊಳೆಯಿತು.

ಇಬ್ಬರನ್ನೂ ಎಳೆದುಕೊಂಡು ಕೌಂಟರಿಗೆ ಓಡಿದೆ. ಕುರ್ಚಿ ಖಾಲಿ. ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು.

ಕೌಂಟರಿನವನು ನನ್ನನ್ನು ಕಂಡು ಬೆಪ್ಪಾದ. "ಈಗ ತಾನೇ ನೀವೇ ಬಂದು ಕರ್ಕೊಂಡು ಹೋದ್ರಲ್ಲಮ್ಮ?"

ಹೊರಗೆ ಓಡಿ ಮೆಟ್ಟಿಲ ಉದ್ದಕ್ಕೂ ಹುಡುಕಿದೆ. ಯಾರೂ ಸಿಗಲಿಲ್ಲ. ಇನ್ನೇನು ಮಾಡಲಿ? ಕೈ ಹಿಡಿದುಕೊಂಡಿದ್ದವಳನ್ನೇ ಕರೆದುಕೊಂಡು ಮನೆಗೆ ಬಂದೆ.

ರಾತ್ರಿ ಸ್ನಾನ ಮಾಡಿಸುವಾಗ ಚಿಕ್ಕವಳ ನಂಬರು ಒಮ್ಮೆ ಉಜ್ಜಿದ್ದಕ್ಕೇ ಹೋಯಿತು.

ದೊಡ್ಡವಳದು ಎರಡು ವರ್ಷವಾದರೂ ಹೋಗಿಲ್ಲ.